ಪಾಲುದಾರಿಕೆಯಲ್ಲಿ ನಮ್ಮ ಪಾಲು

ಮಳವಳ್ಳಿ ಕಡೆ ‘ಪಾಲು’ ಅಂದರೆ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಗೌಡರು ಕಡಸು ಕೊಡುತ್ತಾರೆ, ಕೇರಿಯ ಹೆಂಗಸು ಸಾಕುತ್ತಾಳೆ. ಹುಲ್ಲು ಕುಯ್ಯೋದು, ನೀರು ಕುಡಿಸೋದು, ಸಗಣಿ ಬಾಚೋದು ಎಲ್ಲ ಅವಳದು. ಮಾರಿದ ದಿನ ಬಂದ ದುಡ್ಡಲ್ಲಿ ಅರ್ಧ ಗೌಡರಿಗೆ. ಹುಲ್ಲು ಬೆಳೆದ ಬದುವೂ ಗೌಡರದೇ ಆದ್ದರಿಂದ ನಡುವೆ ನಾಕು ಮಾತು ಅನ್ನಿಸಿಕೊಳ್ಳೋದು ಬೇರೆ.

‘ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆ’ ಎಂಬ ಉದ್ದನೆ ಹೆಸರು ಓದಿದಾಗ ನನಗೆ ನೆನಪಾದದ್ದು ಈ ಕಡಸು. ಆಗ್ನೇಯ ಏಷ್ಯಾದ 10 ದೇಶಗಳು, ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜೊತೆಗೆ ನಾವು. ಒಬ್ಬರ ಸರಕಿನ ಮೇಲೆ ಇನ್ನೊಬ್ಬರು ಹಾಕುವ ಸುಂಕ ಇಳಿಸೋಣ ಅಂತ 2012ರಿಂದ ಮಾತುಕತೆ. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹೊರಬಂತು. ಪ್ರಧಾನಿಗಳು ಅವತ್ತು ಗಾಂಧೀಜಿಯನ್ನು ನೆನೆದರು. ರೈತ ಸಂಘ ಅದಕ್ಕೂ ಮೊದಲೇ ಬೀದಿಗಿಳಿದಿತ್ತು: ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ಇಲ್ಲಿ ಹಾಲು ಹಾಕುವವರ ಗತಿಯೇನು? ಮಂಡ್ಯ ಜಿಲ್ಲೆಯ ಹಾಲು ಸೇರುವ ಗೆಜ್ಜಲಗೆರೆ ಡೈರಿ ಮದ್ದೂರಿನ ಪಕ್ಕದಲ್ಲೇ ಇದೆ. ಪ್ರಶ್ನೆ ಸರಿಯಾಗೇ ಇತ್ತು. ನಾನೂ ಚಪ್ಪಾಳೆ ತಟ್ಟಿದವನೇ.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾಯಿತು, ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ರೇಟು ಬಿತ್ತು. 2013ರಲ್ಲಿ ಮತ್ತೆ 15ಕ್ಕೆ ಏರಿಸಬೇಕಾಯಿತು. ಹಿಪ್ಪುನೇರಳೆ ಹಾಕಿದವರು ಇದನ್ನು ಮರೆತಿಲ್ಲ. ಆದರೆ ಗೂಡಿನ ರೇಟು ಬಿದ್ದರೆ ಮೊದಲು ನಿಲ್ಲೋದು ಸೊಪ್ಪು ಕುಯ್ಯುವವಳ ಕೂಲಿ; ಏರಿದರೆ ಕೊನೆಗೆ ಏರೋದೂ ಅದೇ.

ನನ್ನ ತಕರಾರು ಇಲ್ಲಿದೆ. ಒಪ್ಪಂದ ಬೇಕು ಅನ್ನುವವರ ಬರಹದಲ್ಲೂ, ಬೇಡ ಅನ್ನುವವರ ಕರಪತ್ರದಲ್ಲೂ ‘ರೈತ’ ಎಂಬ ಒಂದೇ ಪದವನ್ನು ದುಡಿಸಿಕೊಳ್ಳುತ್ತಾರೆ. ಪಹಣಿಯಲ್ಲಿ ಹೆಸರಿದ್ದವನೂ ರೈತ, ಅವನ ಕಬ್ಬು ಕಡಿದು ಬೆನ್ನು ಮುರಿದುಕೊಂಡವನೂ ರೈತ. ಭಾಷಣಕ್ಕೆ ಇಬ್ಬರೂ ಬೇಕು, ಲೆಕ್ಕಕ್ಕೆ ಒಬ್ಬನೇ. ಕೇರಿಯ ಲೆಕ್ಕವೋ ಅಷ್ಟು ಸಲೀಸಲ್ಲ ಸ್ವಾಮಿ. ತಾಯಿ ಕಡಸು ಸಾಕುತ್ತಾಳೆ, ಮಗಳು ಹೊತ್ತು ಹುಟ್ಟೋ ಮುಂಚೆ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಹೊರದೇಶದ ಸುಂಕ ಇಳಿದರೆ ಮಗಳಿಗೆ ಕೆಲಸ ಹೆಚ್ಚೀತು, ವಿಯೆಟ್ನಾಮಿನ ಬಟ್ಟೆ ಅಗ್ಗವಾಗಿ ಬಂದರೆ ಇರೋದೂ ಹೋದೀತು. 1918ರಷ್ಟು ಹಿಂದೆಯೇ ಅಂಬೇಡ್ಕರರು ಸಣ್ಣ ಹಿಡುವಳಿಗಳ ಕುರಿತು ಬರೆಯುತ್ತಾ, ಭೂಮಿಯ ಮೇಲೆ ಬಿದ್ದಿರುವ ಹೆಚ್ಚುವರಿ ಜನಕ್ಕೆ ಕೈಗಾರಿಕೆಯೇ ದಾರಿ ಎಂದಿದ್ದರು. ಅದನ್ನು ಓದಿಕೊಂಡವರು ಜಮೀನಿದ್ದವರ ಘೋಷಣೆಯನ್ನು ಹಾಗೇ ಎರವಲು ತಂದು ನಮ್ಮದು ಅಂತ ಕೂಗಿದರೆ ಹೇಗೆ? ನಾವು ಮಾಡಿದ್ದು ಅದನ್ನೇ.

ಉಳಿದ 15 ದೇಶಗಳು 2020ರಲ್ಲಿ ಸಹಿ ಹಾಕಿದವು. 2022ರ ಜನವರಿಯಿಂದ ಒಪ್ಪಂದ ಜಾರಿಗೆ ಬಂತು. ಅದೇ ವರ್ಷ ಆಸ್ಟ್ರೇಲಿಯಾದೊಂದಿಗೆ ಬೇರೆಯಾಗಿ ಸಹಿ ಹಾಕಿದ ಭಾರತ ಹಾಲಿನ ಪದಾರ್ಥಗಳನ್ನು ಹೊರಗಿಟ್ಟಿತು. ಒಳ್ಳೇದೇ ಆಯ್ತು. ಪಾಲಿನ ಕಡಸು ಕರು ಹಾಕಿದಾಗ ಡೈರಿಯ ಪುಸ್ತಕದಲ್ಲಿ ಹಾಲನ್ನು ಯಾರ ಹೆಸರಿಗೆ ಬರೀತಾರೆ, ಅದನ್ನು ಯಾವ ದೇಶದ ಜೊತೆ ಕೂತು ಕೇಳಬೇಕು?