ಲಾಭದ ಲೆಕ್ಕ, ಹೊಗೆಯ ಲೆಕ್ಕ

ವರ್ತಕರ ಲಾಭದಾಸೆಯೇ ಉತ್ತಮ ತಂತ್ರಜ್ಞಾನಕ್ಕೂ ನಿರ್ಮಲ ಇಂಧನಕ್ಕೂ ಅಡ್ಡಗೋಡೆಯಾಗಿದೆ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ವ್ಯಾಪಾರವೇ ಜೀವನೋಪಾಯವಾಗಿರುವ ಸಮಾಜವು ಈ ಮಾತನ್ನು ಕೋಪದಿಂದ ತಳ್ಳಿಹಾಕುವುದೂ ಸಲ್ಲದು, ವಿಚಾರಿಸದೆ ಒಪ್ಪಿಕೊಳ್ಳುವುದೂ ಸಲ್ಲದು. ಇದನ್ನು ಪರೀಕ್ಷಿಸಲು ಭಾರತೀನಗರದ ಸೀಮೆಯಲ್ಲಿಯೇ ಎರಡು ನಿದರ್ಶನಗಳುಂಟು.

ಮೊದಲನೆಯದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ. 1902ರಲ್ಲಿ ಅಲ್ಲಿ ಕಾವೇರಿಯ ನೀರಿನಿಂದ ಉತ್ಪಾದಿಸಿದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಕಲ್ಲಿದ್ದಲು, ಸೌದೆಗಳಿಂದ ಉಗಿಯಂತ್ರ ನಡೆಸುತ್ತಿದ್ದ ಗಣಿ ಕಂಪನಿಗಳು ಖರ್ಚು ತಗ್ಗುವುದೆಂದೇ ಈ ವಿದ್ಯುತ್ತಿಗೆ ಒಪ್ಪಿದವು. ಅಂಥ ಖಚಿತ ಗಿರಾಕಿ ಇದ್ದುದರಿಂದಲೇ ಮೈಸೂರು ಸಂಸ್ಥಾನವು ಬಂಡವಾಳ ಹೂಡಿತು. ಲಾಭ ಇಲ್ಲಿ ತಡೆಯಲಿಲ್ಲ, ಎಳೆದು ತಂದಿತು. ಆದರೆ ಯಾರಿಗಾಗಿ? ಬೆಂಗಳೂರಿಗೆ 1905ರಲ್ಲಿ ವಿದ್ಯುದ್ದೀಪ ಬಂದಿತು. ನಡುವಿನ ಹಳ್ಳಿಗಳು ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲಿಯೇ ಉಳಿದವು. ಕೊಳ್ಳುವ ಶಕ್ತಿಯಿಲ್ಲದವನ ಕತ್ತಲೆಗೆ ಯಾವ ಖಾತೆಯಲ್ಲಿಯೂ ಜಾಗವಿರಲಿಲ್ಲ.

ಎರಡನೆಯದು ಕಬ್ಬಿನ ಸಿಪ್ಪೆಯ ಕತೆ. ಅರೆದ ಕಬ್ಬಿನ ತೂಕದಲ್ಲಿ ಹೆಚ್ಚುಕಡಿಮೆ ಶೇ. 30ರಷ್ಟು ಸಿಪ್ಪೆಯಾಗಿ ಉಳಿಯುತ್ತದೆ. ಸಕ್ಕರೆ ಕಾರ್ಖಾನೆಗಳು ಅದನ್ನು ಬಹುಕಾಲ ಕಡಿಮೆ ಒತ್ತಡದ ಬಾಯ್ಲರುಗಳಲ್ಲಿ ಸುಟ್ಟವು. ಹೆಚ್ಚಿನ ಒತ್ತಡದ ಬಾಯ್ಲರು ಹೂಡಿದರೆ ಅದೇ ಸಿಪ್ಪೆಯಿಂದ ಕಾರ್ಖಾನೆಯ ಅಗತ್ಯ ತೀರಿ, ಹೊರಗೆ ಮಾರುವಷ್ಟು ವಿದ್ಯುತ್ತು ಮಿಗುವುದೆಂದು ಎಂಜಿನಿಯರುಗಳು ಬಲ್ಲವರಾಗಿದ್ದರು. ಆದರೆ ಮಿಕ್ಕ ವಿದ್ಯುತ್ತನ್ನು ಯೋಗ್ಯ ದರಕ್ಕೆ ಕೊಳ್ಳುವವರಿರಲಿಲ್ಲ. ಸಿಪ್ಪೆಯನ್ನು ಉಳಿಸಿ ರಾಶಿ ಹಾಕುವುದೇ ಒಂದು ಖರ್ಚು. ಹೀಗಾಗಿ ಪೋಲುಮಾಡುವ ಬಾಯ್ಲರೇ ಲಾಭಕರವೆನಿಸಿತು! 1990ರ ದಶಕದಲ್ಲಿ ಕೇಂದ್ರ ಸರ್ಕಾರವು ಇಂಥ ವಿದ್ಯುತ್ತಿಗೆ ಯೂನಿಟ್ಟಿಗೆ 2 ರೂ. 25 ಪೈಸೆಯ ಮಾರ್ಗದರ್ಶಿ ದರವನ್ನು ಸೂಚಿಸಿದ ಮೇಲೆ, ಹಿಂದೆ ತಡೆದಿದ್ದ ಲಾಭದಾಸೆಯೇ ಹೊಸ ಬಾಯ್ಲರುಗಳನ್ನು ತರಿಸಿತು. ಭಾರತೀನಗರದ ಚಾಮುಂಡೇಶ್ವರಿ ಸಕ್ಕರೆ ಕಾರ್ಖಾನೆಯಲ್ಲಿಯೂ ಸಿಪ್ಪೆಯಿಂದ ವಿದ್ಯುತ್ತು ತಯಾರಾಗುತ್ತದೆ.

ಹಾಗಾದರೆ ದೋಷ ದರದ್ದು, ಲಾಭದ್ದಲ್ಲ ಎಂದು ವರ್ತಕರು ನೆಮ್ಮದಿಗೊಳ್ಳಬಹುದು. ಆ ನೆಮ್ಮದಿ ಅರ್ಧ ಮಾತ್ರ ನ್ಯಾಯವಾದದ್ದು. ಶ್ರಾವಕನಿಗೆ ಲಾಭ ನಿಷಿದ್ಧವಲ್ಲ, ಪರಿಗ್ರಹ ಪರಿಮಾಣವು ಮಿತಿಯನ್ನು ಕೇಳುತ್ತದೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರಂತೂ ‘ಯೋಗಶಾಸ್ತ್ರ’ದಲ್ಲಿ ಇದ್ದಿಲಿನ ಕಸುಬನ್ನೂ ಕಬ್ಬು, ಎಳ್ಳುಗಳನ್ನು ಯಂತ್ರದಲ್ಲಿ ಹಿಂಡುವುದನ್ನೂ ವರ್ಜ್ಯ ವೃತ್ತಿಗಳಲ್ಲಿ ಸೇರಿಸಿದ್ದಾರೆ. (ಕಬ್ಬಿನ ನಾಡಿನಲ್ಲಿ ಇದನ್ನು ಅಕ್ಷರಶಃ ಪಾಲಿಸುವುದು ಕಷ್ಟವೇ.) ಆದರೂ ಅವರ ಎಣಿಕೆಯ ಕ್ರಮ ವಿಚಾರಣೀಯ: ಅಲ್ಲಿ ತೂಗಿ ನೋಡಿದ್ದು ವೃತ್ತಿಯ ಆದಾಯವನ್ನಲ್ಲ, ಅದರಿಂದ ಒದಗುವ ಹಿಂಸೆಯನ್ನು. ತೆರಿಗೆ ಇಳಿಸಿರೆಂದು ನಿಯೋಗ ಕೊಂಡೊಯ್ಯುವ ವರ್ತಕ ಸಂಘಗಳು ಹೊಗೆಗೂ ಬೆಲೆ ಕಟ್ಟಿರೆಂದು ಬೇಡಿದ್ದು ವಿರಳ.

ಕಾರ್ಖಾನೆಗೆ ದರ ದೊರೆಯಿತು. ಮಂಡ್ಯದ ಆಲೆಮನೆಗಳಿಗೆ ಅಂಥದೇನೂ ದೊರೆಯಲಿಲ್ಲ. ಅಲ್ಲಿ ಒಲೆಗೆ ಸಿಪ್ಪೆ ತುಂಬುವ ಆಳು ಹಗಲೆಲ್ಲ ಕುಡಿಯುವ ಹೊಗೆ, ಮಂಡಿಗೆ ಬಂದ ಬೆಲ್ಲದ ಅಸಲಿನಲ್ಲಿ ಸೇರಿರುವುದಿಲ್ಲ.