ಅರಸೀಕೆರೆಯ ವೇಗ

ಹಳೇಬೀಡಿನಿಂದ ಅರಸೀಕೆರೆಯತ್ತ ಹೊರಟರೆ ಜಾವಗಲ್ ಸಿಗುತ್ತದೆ. ಕ್ರಿಕೆಟ್ ವೇಗಿ ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಾದರೂ ಈ ಊರನ್ನು ಹೆಸರಲ್ಲೇ ಹೊತ್ತು ತಿರುಗಿದವರು. ಇದೇ ಅರಸೀಕೆರೆ ತಾಲ್ಲೂಕಿನ ಇನ್ನೊಬ್ಬ ವೇಗಿಯನ್ನು ಮಾತ್ರ ನಾವು ಬೇಗ ಮರೆತೆವು. ಅರಸೀಕೆರೆಯಲ್ಲಿ 1971ರಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್.

1996ರ ಅಕ್ಟೋಬರ್, ದೆಹಲಿ, ಆಸ್ಟ್ರೇಲಿಯಾ ಎದುರಿನ ಟೆಸ್ಟ್. ಶ್ರೀನಾಥ್ ಗಾಯಗೊಂಡಿದ್ದರಿಂದ ಜಾನ್ಸನ್‌ಗೆ ಕರೆ ಬಂತು. ದ್ರಾವಿಡ್, ಕುಂಬ್ಳೆ, ಜೋಶಿ, ಪ್ರಸಾದ್ ಜೊತೆ ಅವರು ತಂಡದ ಐದನೇ ಕನ್ನಡಿಗ. ಓಟದಲ್ಲಿ ನಾಜೂಕಿಲ್ಲ, ಇದ್ದದ್ದು ರಟ್ಟೆಯ ಕಸುವು, ಬ್ಯಾಟಿಗೆ ಬೇಗ ಬಂದು ಬಡಿಯುವ ಚೆಂಡು. ಆಸ್ಟ್ರೇಲಿಯಾದ ಸ್ಲೇಟರ್ ಚೆಂಡನ್ನು ಕೆಣಕಿದರು, ಸ್ಲಿಪ್‌ನಲ್ಲಿ ಅಜರುದ್ದೀನ್ ಹಿಡಿದರು. ಡರ್ಬನ್‌ನಲ್ಲಿ ಇನ್ನೊಂದು ಟೆಸ್ಟ್. ಒಟ್ಟು ಮೂರು ವಿಕೆಟ್. ಅಲ್ಲಿಗೆ ಮುಗಿಯಿತು.

ರಾಜ್ಯಶಾಸ್ತ್ರ ಪಾಠ ಮಾಡುವ ನನಗೆ ಈ ಲೆಕ್ಕ ಸಣ್ಣದೆನಿಸುವುದಿಲ್ಲ. ನಮ್ಮ ಕ್ರಿಕೆಟ್‌ನ ಕ್ಲಬ್ಬು, ಪಿಚ್ಚು, ಆಯ್ಕೆದಾರರ ಕಣ್ಣು ಎಲ್ಲವೂ ಹೆಚ್ಚಾಗಿ ಬೆಂಗಳೂರಿನವೇ. (ಸಾಮಾಜಿಕ ನ್ಯಾಯದ ಚರ್ಚೆಗೆ ಮೈದಾನ ಬರುವುದೇ ಅಪರೂಪ.) ಸಣ್ಣ ಊರಿನವರಿಗೆ ಬಾಗಿಲು ತೆರೆದರೆ ಸಾಲದು, ಎಡವಿದವನಿಗೆ ಇನ್ನೊಂದು ಅವಕಾಶವೂ ಬೇಕು. ಜಾನ್ಸನ್‌ಗೆ ಡರ್ಬನ್ ನಂತರ ಅದು ಸಿಗಲಿಲ್ಲ.

2024ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅರಸೀಕೆರೆಯವರೇ, ನಿಮ್ಮೂರಿನ ಒಂದು ಪಂದ್ಯಾವಳಿಯಾದರೂ ಅವರ ಹೆಸರಲ್ಲಿ ನಡೆಯಲಿ.