ಅರ್ಥವಾದವೂ ಪ್ರಮಾಣವೂ

ಮನಶ್ಶಾಸ್ತ್ರದ ಶೋಧನೆಯೊಂದು ವಿದ್ವತ್ಪತ್ರಿಕೆಯಿಂದ ದಿನಪತ್ರಿಕೆಗೆ ಇಳಿದು ಬರುವಾಗ ಎಂತಹ ರೂಪಾಂತರವನ್ನು ಹೊಂದುವುದೆಂಬುದಕ್ಕೆ ‘ಮೊಟ್ಸಾರ್ಟ್ ಪರಿಣಾಮ’ದ ವೃತ್ತಾಂತವು ಒಳ್ಳೆಯ ನಿದರ್ಶನವಾಗಿದೆ.

1993ನೆಯ ಇಸವಿಯಲ್ಲಿ ರಾಷರ್, ಷಾ, ಕೀ ಎಂಬ ಮೂವರು ಕ್ಯಾಲಿಫೋರ್ನಿಯದ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಒಂದೇ ಪುಟದ ಲೇಖನವನ್ನು ಪ್ರಕಟಿಸಿದರು. 36 ಮಂದಿ ಕಾಲೇಜು ವಿದ್ಯಾರ್ಥಿಗಳು 10 ನಿಮಿಷಗಳ ಕಾಲ ಮೊಟ್ಸಾರ್ಟನ ಸೊನಾಟವೊಂದನ್ನು ಕೇಳಿದರು. ಇನ್ನೊಮ್ಮೆ ವಿಶ್ರಾಂತಿಯ ಸೂಚನೆಗಳನ್ನು ಕೇಳಿದರು. ಮತ್ತೊಮ್ಮೆ ಮೌನವಾಗಿ ಕುಳಿತರು. ಮಡಿಸಿದ ಕಾಗದದ ಆಕೃತಿಯನ್ನು ಮನಸ್ಸಿನಲ್ಲಿಯೇ ಬಿಡಿಸಿ ನೋಡುವಂತಹ ಪರೀಕ್ಷೆಗಳಲ್ಲಿ ಸಂಗೀತದ ತರುವಾಯ 8-9 ಅಂಕಗಳ ಮೇಲ್ಮೆ ತೋರಿತು. ಆ ಫಲವಾದರೋ 15 ನಿಮಿಷಗಳನ್ನು ಮೀರಿ ನಿಲ್ಲಲಿಲ್ಲ. ಶಿಶುಗಳ ಪ್ರಸ್ತಾಪವು ಆ ಪರೀಕ್ಷೆಯಲ್ಲಿ ಇರಲೇ ಇಲ್ಲ.

ಪತ್ರಿಕೆಗಳಾದರೋ ಮೊಟ್ಸಾರ್ಟನು ಬುದ್ಧಿಯನ್ನು ಬೆಳೆಸುವನೆಂದು ಸಾರಿದುವು. 1997ರಲ್ಲಿ ಡಾನ್ ಕ್ಯಾಂಬೆಲ್ ಎಂಬಾತನು ‘ದಿ ಮೊಟ್ಸಾರ್ಟ್ ಎಫೆಕ್ಟ್’ ಎಂಬ ಗ್ರಂಥವನ್ನು ಬರೆದು, ಸಂಗೀತಕ್ಕೆ ದೇಹರೋಗವನ್ನು ಗುಣಪಡಿಸುವ ಶಕ್ತಿಯನ್ನೂ ಆರೋಪಿಸಿದನು. 1998ರಲ್ಲಿ ಅಮೆರಿಕದ ಜಾರ್ಜಿಯ ಸಂಸ್ಥಾನದ ಗವರ್ನರ್ ಜೆಲ್ ಮಿಲ್ಲರ್, ಹುಟ್ಟುವ ಪ್ರತಿ ಮಗುವಿಗೂ ಸಂಗೀತಮುದ್ರಿಕೆಯನ್ನು ಕೊಡುವುದಕ್ಕಾಗಿ 1,05,000 ಡಾಲರುಗಳನ್ನು ಕೇಳಿದನು.

ಮೀಮಾಂಸಕರು ವಿಧಿಯನ್ನೂ ಅರ್ಥವಾದವನ್ನೂ ಬೇರ್ಪಡಿಸಿದ್ದಾರೆ. ಸ್ತುತಿವಾಕ್ಯಕ್ಕೆ ಸ್ವತಂತ್ರ ಪ್ರಾಮಾಣ್ಯವಿಲ್ಲ. ಅದು ವಿಧಿಗೆ ಅಂಗವಾಗಿ ನಿಲ್ಲಬೇಕು. ಇಲ್ಲಿಯೋ ಮೂಲವಾಕ್ಯವೇ ಲುಪ್ತವಾಗಿ ಸ್ತುತಿ ಮಾತ್ರ ಉಳಿಯಿತು. ಆದರೆ ದೋಷವನ್ನೆಲ್ಲ ಪತ್ರಿಕಾಕರ್ತರ ತಲೆಗೇ ಕಟ್ಟುವುದು ನ್ಯಾಯವಲ್ಲ. ಕ್ಷಣಿಕವಾದ ಫಲವನ್ನು ಬುದ್ಧಿಮಾನದ ಅಂಕಗಳಾಗಿ ಪರಿವರ್ತಿಸಿ ಹೇಳಿದವರು ಮೂಲಲೇಖಕರೇ. ಅತಿಶಯೋಕ್ತಿಯ ಬೀಜವು ಅಲ್ಲಿಯೇ ಬಿದ್ದಿತ್ತು.

ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆನ್ನುವವನು ಹಸಿ ಸೌದೆಯನ್ನು ಮರೆತಿರುತ್ತಾನೆ. ಇದನ್ನೇ ತಾರ್ಕಿಕರು ಉಪಾಧಿಯೆಂದರು. ಮೊಟ್ಸಾರ್ಟನ ವಿಷಯದಲ್ಲಿಯೂ ಉಪಾಧಿಯೊಂದಿದ್ದಿತು. 1999ರಲ್ಲಿ ಕೆನಡಾ ದೇಶದ ನಾಂಟೇ ಮತ್ತು ಷೆಲ್ಲನ್‌ಬರ್ಗ್ ಎಂಬವರು ಸಂಗೀತಕ್ಕೆ ಪ್ರತಿಯಾಗಿ ಕಥೆಯೊಂದನ್ನು ಕೇಳಿಸಿ ನೋಡಿದರು. ಕಥಾಪ್ರಿಯರು ಕಥೆಯ ಬಳಿಕವೂ, ಸಂಗೀತಪ್ರಿಯರು ಸಂಗೀತದ ಬಳಿಕವೂ ಮೇಲೆನಿಸಿದರು. ಎಂದರೆ ಮನಸ್ಸು ಮೆಚ್ಚಿ ಎಚ್ಚತ್ತುದೇ ಆ ಅಲ್ಪಕಾಲದ ಫಲಕ್ಕೆ ಕಾರಣವೆಂದು ತೋರಿತು. 2010ರಲ್ಲಿ ವಿಯೆನ್ನಾದ ಸಂಶೋಧಕರು ಸುಮಾರು 40 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದಾಗ, ಮೊಟ್ಸಾರ್ಟನಿಗೆ ಮಾತ್ರವೇ ಸಲ್ಲುವ ವಿಶೇಷ ಶಕ್ತಿಯೇನೂ ಕಾಣಲಿಲ್ಲ.

ಈ ನಿರ್ಣಯಗಳೂ ಪ್ರಕಟವಾದುವು; ಆದರೆ ಮೊದಲ ಘೋಷಣೆಯನ್ನು ಕೇಳಿದ ಕಿವಿಗಳೆಲ್ಲಕ್ಕೂ ಅವು ಮುಟ್ಟಲಿಲ್ಲ. ಇದರಿಂದಾದ ಹಾನಿಯು ಬರಿಯ ಹಣದ್ದಲ್ಲ. ಮುದ್ರಿಕೆಯನ್ನು ಕೊಳ್ಳಲಾರದ ತಾಯಿ ತನ್ನ ಮಗುವಿಗೆ ಏನೋ ಕೊರತೆಮಾಡಿದೆನೆಂದು ಕೊರಗುವಳು. ಕೊಂಡವಳು ಮಗುವಿಗೆ ತಾನೇ ಹಾಡಬಹುದಾದ ಜೋಗುಳವನ್ನು ಮರೆಯುವಳು. ರಸಕ್ಕಾಗಿ ಹುಟ್ಟಿದ ಸಂಗೀತವು ಮದ್ದಿನ ಅಂಗಡಿಯ ಪದಾರ್ಥವಾಗುವುದು. ಅಂತಹ ವಾರ್ತೆಯನ್ನೋದುವ ವಾಚಕನು ಎಷ್ಟು ಜನರನ್ನು ಪರೀಕ್ಷಿಸಿದರು, ಫಲವು ಎಷ್ಟು ಹೊತ್ತು ನಿಂತಿತು, ಮತ್ತೊಬ್ಬರು ಮಾಡಿದಾಗ ಮತ್ತೆ ಕಂಡಿತೆ ಎಂಬ ಮೂರನ್ನು ಕೇಳಿದರೆ ಸಾಕು. ಇವಕ್ಕೆ ಉತ್ತರವಿಲ್ಲದ ಬರಹವು ಎಷ್ಟೇ ಮಧುರವಾಗಿದ್ದರೂ ಅರ್ಥವಾದವೇ ಸರಿ.